ನಡುವಿನ ಚಿತ್ರಗಳು

ಶರ್ವರಿಗೆ ಯಾರ ಮೇಲಾದರೂ ಸಿಟ್ಟು ಬಂದರೆ ಅವರ ಮುಖ ಬಿಡಿಸುತ್ತಿದ್ದಳು. ಪ್ರೀತಿಗೆಂದು ಅವಳು ಪೆನ್ಸಿಲ್ ಹಿಡಿದವಳೇ ಅಲ್ಲ. ಅಪ್ಪ ಸಾಬಣ್ಣ ನಾಚಾರಂನ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವನು ತಂದ ಹರಕು ರಟ್ಟಿನ ಮೇಲೆ ಮಗಳು ಸೂಪರ್‌ವೈಸರನ ಹೊಟ್ಟೆ, ಮನೆ ಮಾಲೀಕಳ ಮೂಗು ಬಿಡಿಸಿ ಗೋಡೆಗೆ ಆನಿಸಿಡುವಳು. ಮಾಲೀಕಳು ಒಮ್ಮೆ ಬಾಗಿಲಲ್ಲಿ ನಿಂತು ತನ್ನ ಮೂಗನ್ನು ತಾನೇ ನೋಡಿಕೊಂಡ ಮೇಲೆ ಆ ಮನೆ ಬಿಡಬೇಕಾಯಿತು. ಸಾಮಾನು ಕಟ್ಟುತ್ತಿದ್ದ ಅವ್ವ ಗಂಗಾಬಾಯಿ ಇವಳ ಬೆರಳು ಮುರಿಯಬೇಕು ಎಂದಳು. ಸಾಬಣ್ಣ ಮಾತ್ರ ಆ ರಟ್ಟನ್ನು ಹೊಸ ಮನೆಗೂ ಹೊತ್ತು ತಂದ.

ಅದೇ ಬೆರಳುಗಳು ಅವಳನ್ನು ಕಲಾ ಕಾಲೇಜಿನ ಆನಿಮೇಶನ್ ವಿಭಾಗಕ್ಕೆ ಸೇರಿಸಿದವು. ಕೊನೆಯ ವರ್ಷ ಇಬ್ಬಿಬ್ಬರು ಸೇರಿ ಒಂದು ಕಿರುಚಿತ್ರ ಮಾಡಬೇಕು. ಅವಳಿಗೆ ಗಂಟುಬಿದ್ದವನು ವಿಶ್ವಜಿತ್. ಗಚ್ಚಿಬೌಲಿಯ ದೊಡ್ಡ ಅಪಾರ್ಟ್‌ಮೆಂಟಿನ ಹುಡುಗ, ಮೂಲ ಬೆಂಗಳೂರು. ಆ ತೆಲುಗು ಊರಿನ ತರಗತಿಯಲ್ಲಿ ಕನ್ನಡ ಬರುತ್ತಿದ್ದುದು ಇವರಿಬ್ಬರಿಗೇ. ಅವನು ಉಳಿದವರೊಂದಿಗೆ ಇಂಗ್ಲಿಷಿನಲ್ಲಿ ನಗುನಗುತ್ತ ಮಾತಾಡಿ, ಕನ್ನಡವನ್ನು ಅವಳನ್ನು ಹೀಯಾಳಿಸಲಿಕ್ಕೆಂದೇ ಇಟ್ಟುಕೊಂಡಿದ್ದ. ಯಾರಿಗೂ ತಿಳಿಯುತ್ತಿರಲಿಲ್ಲ, ಅವಳಿಗೆ ಮಾತ್ರ ನಾಟುತ್ತಿತ್ತು.

ಚಿತ್ರದ ನಾಯಕ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡ ಕ್ಯಾಬ್ ಡ್ರೈವರ್. ಅವನ ಮುಖ್ಯ ಭಂಗಿಗಳನ್ನೆಲ್ಲ ತಾನೇ ಬಿಡಿಸುತ್ತೇನೆಂದು ವಿಶ್ವಜಿತ್ ಮೊದಲ ದಿನವೇ ಹೇಳಿಬಿಟ್ಟ. ತಲೆ ಎಡಕ್ಕಿರುವುದು ಒಂದು, ಬಲಕ್ಕಿರುವುದು ಒಂದು. ಆ ತಲೆ ಎಡದಿಂದ ಬಲಕ್ಕೆ ಹೊರಳಬೇಕಾದರೆ ನಡುವೆ ಬೇಕಾಗುವ ರಾಶಿ ಚಿತ್ರಗಳು, ಅಂದರೆ ಇನ್‌ಬಿಟ್ವೀನ್, ಶರ್ವರಿಯ ಪಾಲಿಗೆ ಬಂದವು. ಅವಳು ಅಡಿಯಿಂದ ಬೆಳಕು ಬಿಡುವ ಲೈಟ್‌ಬಾಕ್ಸಿನ ಮೇಲೆ ಬಗ್ಗಿ ಬಗ್ಗಿ ಕುತ್ತಿಗೆ ಹಿಡಿಸಿಕೊಂಡಳು. ಅವನು ತಿರುಗಿಯೂ ನೋಡಲಿಲ್ಲ.

ಚಿತ್ರ ಮುಗಿಯುತ್ತ ಬಂದಾಗ ಶುರುವಿನ ಹೆಸರುಗಳಲ್ಲಿ ಅವನದೊಂದೇ ಇತ್ತು. ಶರ್ವರಿ ಕೇಳಿಯೇಬಿಟ್ಟಳು. ಮಗಳ ಹೆಸರು ಪರದೆಯ ಮೇಲೆ ನೋಡಬೇಕೆಂದು ಸಾಬಣ್ಣ ವರ್ಷದಿಂದ ಹೇಳುತ್ತ ಬಂದಿದ್ದ. ಅವನು ಮಾಡಿದ ಪೆಟ್ಟಿಗೆಗಳ ಮೇಲೆಲ್ಲ ಬೇರೆಯವರ ಹೆಸರೇ ಇರುತ್ತಿತ್ತು.

ವಿಶ್ವಜಿತ್ ಪೆನ್ಸಿಲ್ ಕಚ್ಚುತ್ತ ಹೇಳಿದ: "ಇನ್‌ಬಿಟ್ವೀನ್ ಯಾರೂ ನೋಡಲ್ಲ ಕಣೆ. ನಿನ್ನ ಹೆಸರು ಹಾಕಿದ್ರೆ ನಾಳೆ ಸ್ಕ್ಯಾನರ್ ಹೆಸರೂ ಹಾಕಬೇಕಾಗುತ್ತೆ."

ಅವಳ ಮೈಯೆಲ್ಲ ಉರಿದುಹೋಯಿತು. ಪಾಠ ಹೇಳುವ ಮಧುರಾ ಮೇಡಂ ಹತ್ತಿರ ದೂರು ಹೇಳಬಹುದಿತ್ತು, ಹೇಳಲಿಲ್ಲ. ಅವನ ಎರಡು ಭಂಗಿಗಳನ್ನು ಹೇಗಿದ್ದವೋ ಹಾಗೇ ಬಿಟ್ಟಳು. ನಡುವಿನ ಚಿತ್ರಗಳನ್ನು ಮಾತ್ರ ಹರಿದೆಸೆದು ಹೊಸದಾಗಿ ಬಿಡಿಸಿದಳು. ಈಗ ಡ್ರೈವರನ ತಲೆ ಹೊರಳುತ್ತ ಹೊರಳುತ್ತ ಮೂಗಿನ ಹೊಳ್ಳೆ ಅಗಲವಾಗಿ, ಗಲ್ಲ ಉಬ್ಬಿ, ಪೆನ್ಸಿಲ್ ಕಚ್ಚುವ ವಿಶ್ವಜಿತನೇ ಆಗಿ, ಮತ್ತೆ ಏನೂ ಆಗದಂತೆ ಡ್ರೈವರನದೇ ಆಗಿ ಬಲಕ್ಕೆ ನೋಡುತ್ತಿತ್ತು. ಕೊನೆಯ ಪ್ರತಿ ತೆಗೆಯುವುದೂ ಅವಳದೇ ಕೆಲಸ. ಅವನು ಅದನ್ನು ನೋಡುವ ಗೋಜಿಗೇ ಹೋಗಲಿಲ್ಲ.

ಪರೀಕ್ಷೆಯ ದಿನ ಮಧುರಾ ಮೇಡಂ ಮುಂದಿನ ಸಾಲಿನಲ್ಲಿ ಕೂತಿದ್ದರು. ಪರದೆಯ ಮೇಲೆ ಆ ಮುಖ ಬಂದಾಗ ಹಿಂದಿನ ಬೆಂಚಿನಿಂದ ನಗು ಎದ್ದು ಇಡೀ ಕೋಣೆಗೆ ಹಬ್ಬಿತು. ಮೇಡಂ ನಗಲಿಲ್ಲ. ಚಿತ್ರ ನಿಲ್ಲಿಸಿ, ಇದು ಯಾರ ಕೆಲಸ ಎಂದು ಕೇಳಿದರು. ಇನ್ನು ಫೇಲೇ ಎಂದುಕೊಂಡು ಶರ್ವರಿ ಎದ್ದು ನಿಂತಳು. ಅವಳು ಬಾಯಿ ತೆರೆಯುವ ಮೊದಲೇ ವಿಶ್ವಜಿತ್ ಎದ್ದು, ನಡುವಿನ ಚಿತ್ರಗಳೆಲ್ಲ ಇವಳವೇ, ಒಂದು ಹಾಳೆಯನ್ನೂ ನಾನು ಮುಟ್ಟಿಲ್ಲ ಎಂದು ಎಲ್ಲರೆದುರು ಕೈ ತೊಳೆದುಕೊಂಡ.

ಇಡೀ ಚಿತ್ರದಲ್ಲಿ ಜೀವ ಇರುವುದು ಅಷ್ಟರಲ್ಲೇ ಎಂದರು ಮೇಡಂ. ಅವನು ತಕ್ಷಣ ದನಿ ಬದಲಿಸಿ, ಕಲ್ಪನೆ ಇಬ್ಬರದೂ ಎಂದ. ಮುಟ್ಟೇ ಇಲ್ಲ ಅಂದವರು ನೀವೇ ಅಲ್ಲವೇ ಎಂದು ಕೇಳಿ ಅವರು ಅವನನ್ನು ಕೂರಿಸಿದರು. ಶರ್ವರಿಯ ಹೆಸರು ಮೊದಲು ಬರಬೇಕು, ಮುಖ ಹಾಗೇ ಇರಬೇಕು ಎಂದು ಹೇಳಿ, ವಾರ್ಷಿಕ ಪ್ರದರ್ಶನಕ್ಕೆ ಈ ಚಿತ್ರವನ್ನೇ ಆರಿಸಿದರು.

ಹೊರಗೆ ಕಾರಿಡಾರಿನಲ್ಲಿ ವಿಶ್ವಜಿತ್ ಅವಳ ಹಿಂದೆಯೇ ಬಂದ. ಮೊದಲ ಸಲ ಅವನ ಕನ್ನಡ ಮೆತ್ತಗಿತ್ತು.

"ಆ ಮುಖ ತೆಗೆದುಬಿಡೆ, ಪ್ಲೀಸ್. ನಮ್ಮಪ್ಪ ಅಮ್ಮ, ಅಪಾರ್ಟ್‌ಮೆಂಟಿನವರು ಎಲ್ಲಾ ಬರ್ತಾರೆ."

ಶರ್ವರಿ ಚೀಲ ಹೆಗಲಿಗೇರಿಸಿದಳು.

"ಇನ್‌ಬಿಟ್ವೀನ್ ಯಾರೂ ನೋಡಂಗಿಲ್ಲ ಅಂದಿದ್ದಿ. ಮತ್ಯಾಕ ಅಂಜ್ತಿ? ನಮ್ಮಪ್ಪನೂ ಬರಾಕತ್ತಾನ."