ಪುಟ್ಟಿಯ ಹಳದಿ ಅಂಗಿ

ಸಾಕಮ್ಮ, ನೀನು ಕೊಟ್ಟ ಹಳದಿ ಅಂಗಿಯನ್ನು ನಾನು ಕೌದಿಗೆ ಹೊಲಿಯಲೇ ಇಲ್ಲ. ಒಳಪದರದಲ್ಲಿದೆ ಎಂದು ಆರು ವರ್ಷ ಹೇಳಿದ್ದು ಸುಳ್ಳು.

ಹಸುಗೂಸಿಗೆ ಹೊಸ ಬಟ್ಟೆ ಹೊದಿಸಬಾರದು, ಮನೆಯವರು ಉಟ್ಟು ಮೆದುವಾದ ಹಳೆಯ ಬಟ್ಟೆಯೇ ಆಗಬೇಕು — ನಮ್ಮ ಪದ್ಧತಿ ನಿನಗೆ ಗೊತ್ತು. ಹುಣಸೂರಿಗೆ ಕೊಟ್ಟ ನನ್ನ ಮಗಳು ಬಾಣಂತನಕ್ಕೆ ಮಿರ್ಲೆಗೆ ಬಂದಾಗ, ನಮ್ಮತ್ತೆಯ ಸೀರೆ, ಮಾವನ ಪಂಚೆ ಕತ್ತರಿಸಿ ಹಜಾರದಲ್ಲಿ ಹರಡಿಕೊಂಡು ಕೂತಿದ್ದೆ. ನೀನು, ನನ್ನ ಮೈದುನನ ಹೆಂಡತಿ, ಸೆರಗಿನೊಳಗಿಂದ ಅಂಗೈಯಗಲದ ಆ ಅಂಗಿ ತೆಗೆದೆ. ಹನ್ನೊಂದು ತಿಂಗಳಿಗೇ ಜ್ವರ ಬಂದು ತೀರಿಹೋದ ನಿನ್ನ ಪುಟ್ಟಿಯದು. ಅವಳದೆಂದು ನಿನ್ನ ಹತ್ತಿರ ಉಳಿದಿದ್ದ ಒಂದೇ ಬಟ್ಟೆ —

“ಇದ್ನೂ ಒಂದ್ ಮೂಲೇಲಿ ಸೇರ್ಸಕ್ಕಾ. ಇನ್ನೊಂದ್ ಕೂಸಿನ್ ಮೈಗಾದ್ರೂ ತಾಕ್ಲಿ,” ಎಂದೆ ನೀನು.

“ಸೇರುಸ್ತೀನಿ ಕಣವ್ವ,” ಎಂದೆ ನಾನು.

ನೀನು ಅತ್ತ ಹೋದ ಕೂಡಲೇ ಅದನ್ನು ಟ್ರಂಕಿನ ತಳಕ್ಕೆ ತುರುಕಿದೆ. ಹೋದ ಮಗುವಿನ ಬಟ್ಟೆ, ಈಗ ಹುಟ್ಟಿದ ಮಗುವಿನ ಮೈಮೇಲೆ — ಬೇಡಪ್ಪ ಎನ್ನಿಸಿತು. ಹೆದರಿಕೆ ಎನ್ನಲೇ? ಬರೀ ಹೆದರಿಕೆಯಾಗಿದ್ದರೆ ಬಾಯಿಬಿಟ್ಟು ಹೇಳಬಹುದಿತ್ತು. ಊರಿಗೆಲ್ಲ ಬುದ್ಧಿ ಹೇಳುವವಳು ನಾನು; ನಿನ್ನ ದುಃಖ ಮಾತ್ರ ನನ್ನ ಹೊಸಿಲು ದಾಟಿ ಒಳಗೆ ಬರಬಾರದು ಎಂದುಕೊಂಡೆ.

ಮೊಮ್ಮಗಳು ಬಂದಾಗಲೆಲ್ಲ ನೀನು ಕೌದಿಯ ಮೂಲೆ ಸವರಿ, “ಇಲ್ಲೇ ಅಲ್ವೇನಕ್ಕಾ?” ಎನ್ನುತ್ತಿದ್ದೆ. ನಾನು ಹೂಂಗುಟ್ಟುತ್ತಿದ್ದೆ. ಇಷ್ಟು ವರ್ಷ ನೀನು ಮುದ್ದಿಸಿದ್ದು ಮಾವನ ಪಂಚೆಯನ್ನು, ಸಾಕಮ್ಮ.

ಹೋದ ವಾರ ಮಗಳು ಕೌದಿ ಹರಿದಿದೆಯೆಂದು ತಂದಳು. “ಬುಡಕ್ಕಾ, ನಾನೇ ಬಿಚ್ಚಿ ಹೊಲಿತೀನಿ. ಅದ್ನೊಂದ್ ಸಲ ನೋಡ್ದಂಗೂ ಆಯ್ತದೆ,” ಎಂದು ನಿನ್ನೆ ನೀನು ಕೈಚಾಚಿದೆ. ನಾಳೆ ಕೊಡುತ್ತೇನೆಂದು ನಿನ್ನನ್ನು ಕಳಿಸಿದೆ. ಆಮೇಲೆ ಮಾಡಿದ್ದು ಮೊದಲಿನದಕ್ಕಿಂತ ಹೀನ ಕೆಲಸ. ಟ್ರಂಕಿನಲ್ಲಿದ್ದ ಅಂಗಿಯ ಹಳದಿ ಒಂದಿಷ್ಟೂ ಮಾಸಿರಲಿಲ್ಲ. ಹೀಗೇ ಒಳಗೆ ಸೇರಿಸಿದರೆ ಆರು ವರ್ಷ ಒಗೆಸಿಕೊಂಡ ಬಟ್ಟೆಯಲ್ಲ ಎಂದು ನಿನಗೆ ತಿಳಿದುಬಿಡುತ್ತದೆ — ಹಾಗಾಗಿ ಸೋಪು ಹಾಕಿ ಒಗೆಯುವ ಕಲ್ಲಿಗೆ ತಿಕ್ಕಿದೆ. ಬಣ್ಣ ಇಳಿಯುವವರೆಗೂ ತಿಕ್ಕಿದೆ.

ಹಿಂಡುವಾಗ ನೋಡಿದರೆ, ಕುತ್ತಿಗೆಯ ಹತ್ತಿರ ಇದ್ದ ಹರಳೆಣ್ಣೆಯ ಕಲೆ ಇಲ್ಲ. ಪುಟ್ಟಿಗೆ ನೀನು ಕೊನೆಯದಾಗಿ ಹಚ್ಚಿದ್ದ ಎಣ್ಣೆ ಅದು. ಅವಳ ವಾಸನೆ ಹೋದೀತೆಂದು ನೀನು ಆ ಅಂಗಿಯನ್ನು ಒಂದು ದಿನವೂ ನೀರಿಗೆ ಹಾಕಿರಲಿಲ್ಲ. ನನಗೆ ಅದು ಗೊತ್ತಿತ್ತು. ಮೂಗಿಗೆ ಹಿಡಿದೆ — ಬರೀ ಸೋಪು.

ಆಮೇಲೆ ಸೂಜಿ ಹಿಡಿಯಲು ಆಗಲಿಲ್ಲ. ಇವತ್ತು ಸಂಜೆ ಕೌದಿಯನ್ನೂ ಅಂಗಿಯನ್ನೂ ತೆಗೆದುಕೊಂಡು ನಿನ್ನ ಮನೆಗೆ ಬರುತ್ತೇನೆ. ನೀನು ಹೊಲಿ ಎಂದರೆ ಎಲ್ಲರಿಗೂ ಕಾಣುವಂತೆ ಮೇಲೇ ಹೊಲಿಯುತ್ತೇನೆ, ಬೈದರೆ ಬೈಸಿಕೊಳ್ಳುತ್ತೇನೆ. ನೀನು ಅಂಗಿಯನ್ನು ಮುಖಕ್ಕೆ ಹಿಡಿದಾಗ ಮಾತ್ರ ಏನು ಹೇಳಲಿ — ನನಗೆ ಗೊತ್ತಿಲ್ಲ.