ಖಾಲಿ ಲೈನು ಕೇಳುತ್ತಿದ್ದ ರುಕ್ಮಿಣಮ್ಮ

ರುಕ್ಮಿಣಮ್ಮನವರ ತಲೆಯ ಮೇಲೆ ಈ ಕಿವಿಯಿಂದ ಆ ಕಿವಿಯವರೆಗೆ ಒಂದು ತಗ್ಗು ಗೆರೆ ಇತ್ತು. ಎಷ್ಟು ಎಣ್ಣೆ ಹಚ್ಚಿ ಬಾಚಿದರೂ ಅಲ್ಲಿ ಕೂದಲು ಏಳುತ್ತಿರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ವರ್ಷಗಟ್ಟಲೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದುದರ ಗುರುತು ಅದು. ಗೌರಿಬಿದನೂರಿನ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಬಂದು ಅವರ ಪಕ್ಕದ ಮನೆಯನ್ನು ನಾನು ಬಾಡಿಗೆಗೆ ಹಿಡಿದಾಗ ಅವರು ಆಗಲೇ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ, ಒಬ್ಬರೇ ಇದ್ದರು.

ಬಂದ ತಿಂಗಳಲ್ಲೇ ಒಂದು ದಿನ ಕಾಂಪೌಂಡಿನ ಆಚೆಯಿಂದ, "ಮೇಷ್ಟ್ರೇ, ನಿಮ್ಮ ಫ್ಯಾನಿನ ಬೇರಿಂಗ್ ಹೋಗ್ತಾ ಇದೆ, ನೋಡಿಸ್ಕೊಳ್ಳಿ" ಎಂದರು. ನನಗೇನೂ ಕೇಳಿಸಿರಲಿಲ್ಲ. ಮುಂದಿನ ವಾರ ಫ್ಯಾನು ನಿಂತುಹೋಯಿತು.

ಟ್ರಂಕ್ ಕಾಲ್‌ಗಳ ಕಾಲದಲ್ಲಿ ಊರಿನ ಅರ್ಧ ಮನೆಗಳ ಗುಟ್ಟು ಅವರ ಕಿವಿಯ ಮೇಲೆ ಹಾದುಹೋಗಿತ್ತು. ಅದರಲ್ಲಿ ಒಂದನ್ನಾದರೂ ಅವರ ಬಾಯಿಂದ ಕೇಳಿದವರಿಲ್ಲ. ಯಾರಾದರೂ ಕೆದಕಿದರೆ, "ನಾನು ಲೈನ್ ಕೇಳ್ತಿದ್ದೆ ಕಣ್ರಿ, ಮಾತು ಕೇಳ್ತಿರ್ಲಿಲ್ಲ" ಎನ್ನುತ್ತಿದ್ದರು.

ಆಗ ನನಗೊಂದು ಹುಚ್ಚು ಹತ್ತಿತ್ತು. ನಗರಗೆರೆ ಕಡೆಯ ಆರು ಮಂದಿ ಹೆಂಗಸರು ಸೋಬಾನೆ ಪದ ಹಾಡುತ್ತಿದ್ದರು, ಕನ್ನಡದಲ್ಲೂ ತೆಲುಗಿನಲ್ಲೂ. ಮುಂದಾಳು ನರಸಮ್ಮ. ಆಕೆಗೆ ಬಾರದ ಪದವೇ ಇಲ್ಲ ಎಂದು ಸುತ್ತಿನ ಹಳ್ಳಿಗಳಲ್ಲಿ ಹೆಸರು. ಅವರ ಹಾಡುಗಳನ್ನು ನನ್ನ ಮನೆಯಲ್ಲೇ ಕಂಪ್ಯೂಟರಿಗೆ ಹಿಡಿದಿಡಬೇಕು ಎಂದುಕೊಂಡೆ. ಮೊದಲ ಸಲ ನಡುವೆ ಒಂದೇ ಮೈಕ್ ಇಟ್ಟು ಹಿಡಿದೆ. ರುಕ್ಮಿಣಮ್ಮನವರಿಗೆ ಕೇಳಿಸಿದೆ. ಕಣ್ಣು ಮುಚ್ಚಿಕೊಂಡು ಎರಡು ಪದ ಕೇಳಿದರು.

"ಅಡಿಯಲ್ಲಿ ಇನ್ನೊಂದು ಲೈನ್ ಹೋಗ್ತಾ ಇದೆ ಮೇಷ್ಟ್ರೇ. ಯಾರೋ ಏನೋ ಹೇಳ್ತಾ ಇದಾರೆ."

"ಎಲ್ಲರೂ ಹಾಡ್ತಿದಾರಲ್ಲ ಅಮ್ಮ."

"ಹಾಡೋದಲ್ಲ. ಹಾಡಿಗಿಂತ ಮುಂಚೆ ಬರ್ತಾ ಇದೆ. ಬೇರೆ ಬೇರೆಯಾಗಿ ಹಿಡೀರಿ, ಗೊತ್ತಾಗುತ್ತೆ."

ಬೇರೆ ಬೇರೆಯಾಗಿ ಹಿಡಿಯುವುದೆಂದರೆ ಒಬ್ಬೊಬ್ಬರ ಮುಂದೆ ಒಂದೊಂದು ಮೈಕು, ಆ ಎಲ್ಲ ಮೈಕುಗಳ ಸದ್ದನ್ನು ಬೆರೆಸದೆ ಕಂಪ್ಯೂಟರಿಗೆ ದಾಟಿಸುವ ಪೆಟ್ಟಿಗೆ. ಆಡಿಯೋ ಇಂಟರ್‌ಫೇಸ್ ಅನ್ನುತ್ತಾರೆ. ನಾನು ಇಂಟರ್‌ನೆಟ್ ಸೆಂಟರಿನಲ್ಲಿ ಕೂತು ಓದಿ, ಎರಡೇ ಮೈಕು ಹಿಡಿಯುವ ಒಂದು ಒಳ್ಳೆಯ ಪೆಟ್ಟಿಗೆ ಸಾಕು ಎಂದು ತೀರ್ಮಾನಿಸಿದ್ದೆ. ಅದರ ಪ್ರಿಆಂಪ್, ಅಂದರೆ ಮೈಕಿನ ಸಣ್ಣ ಸದ್ದನ್ನು ದೊಡ್ಡದು ಮಾಡುವ ಭಾಗ, ಬಹಳ ಚೊಕ್ಕ ಎಂದು ಎಲ್ಲರೂ ಬರೆದಿದ್ದರು. ಅಷ್ಟೇ ಖರ್ಚಿಗೆ ಎಂಟು ಮೈಕಿನದು ಬೇಕೆಂದರೆ ಪ್ರಿಆಂಪ್ ಸಾಧಾರಣದ್ದೇ. ರುಕ್ಮಿಣಮ್ಮ ಒಪ್ಪಲಿಲ್ಲ. "ಆರು ಜನಕ್ಕೆ ಎರಡು ಲೈನಾ? ನಡೀರಿ, ನಾನೂ ಬರ್ತೀನಿ" ಎಂದು ಭಾನುವಾರ ಬೆಳಗಿನ ರೈಲಿಗೆ ಹೊರಟೇಬಿಟ್ಟರು.

ಬೆಂಗಳೂರಿನ ಅಂಗಡಿಯಲ್ಲಿ ಸೇಲ್ಸ್‌ಮನ್ ನಮ್ಮನ್ನು ಕೂರಿಸಿ, ಎಂಟು ಮೈಕಿನ ಪೆಟ್ಟಿಗೆಯೊಂದಕ್ಕೆ ದೊಡ್ಡ ಸ್ಪೀಕರ್ ಜೋಡಿಸಿ ಸಿನಿಮಾ ಹಾಡು ಹಾಕಿದ. ಮುಂಭಾಗದಲ್ಲಿ ಸಾಲುದೀಪಗಳು ಕುಣಿದವು.

"ಹಾಡು ಬೇಡಪ್ಪ. ಖಾಲಿ ಲೈನ್ ಕೇಳಿಸು" ಎಂದರು ರುಕ್ಮಿಣಮ್ಮ.

ಆತನಿಗೆ ಅರ್ಥವಾಗಲಿಲ್ಲ. ಅವರೇ ಹೇಳಿಕೊಟ್ಟರು: ಮೈಕ್ ಜೋಡಿಸು, ಎದುರಿಗೆ ಯಾರೂ ಮಾತಾಡುವುದು ಬೇಡ, ಸದ್ದು ಹೆಚ್ಚಿಸುವ ತಿರುಪನ್ನು ಪೂರ್ತಿ ತಿರುಗಿಸು. ಹೆಡ್‌ಫೋನ್ ಹಾಕಿಕೊಂಡರು. ಅದು ಸರಿಯಾಗಿ ಆ ತಗ್ಗು ಗೆರೆಯ ಮೇಲೆ ಹೋಗಿ ಕೂತಿತು. ಒಂದು ನಿಮಿಷ ಕೇಳಿ, "ಇದರಲ್ಲಿ ದೋಸೆ ಹುಯ್ಯೋ ಸದ್ದು" ಎಂದು ತೆಗೆದರು. ನಾಲ್ಕು ಪೆಟ್ಟಿಗೆ ಹಾಗೆಯೇ ನೋಡಿದರು. ಕೊನೆಗೆ ದೀಪಗೀಪ ಏನೂ ಇಲ್ಲದ, ತಗಡಿನ ಟ್ರಂಕಿನಂಥ ಒಂದನ್ನು ತೋರಿಸಿ, "ಇದು ಪರವಾಗಿಲ್ಲ" ಎಂದರು. "ಆದರೂ ಒಂದು ದನಿಗೆ ಇದು ಸಾಲಲ್ಲ. ಅದಕ್ಕೆ ಬೇರೆ ಒಳ್ಳೇ ಪ್ರಿಆಂಪ್ ಕೊಡಪ್ಪ, ಒಂದೇ ಒಂದು."

"ಮೇನ್ ಸಿಂಗರ್‌ಗಾ ಮೇಡಂ?"

"ಅಲ್ಲಪ್ಪ, ಮೆಲ್ಲಗೆ ಹೇಳೋರಿಗೆ. ಜೋರಾಗಿ ಹಾಡೋರಿಗೆ ಯಾವ ಡಬ್ಬ ಆದರೂ ನಡಿಯುತ್ತೆ."

ಮುಂದಿನ ಭಾನುವಾರ ಆರೂ ಮಂದಿ ನಮ್ಮ ಮನೆಗೆ ಬಂದರು. ಕಿಟಕಿಗಳಿಗೆ ರಗ್ಗು ಕಟ್ಟಿದ್ದೆ. ಮೈಕುಗಳನ್ನು ನಮ್ಮೂರಿನ ಮೈಕ್‌ಸೆಟ್ ಅಂಗಡಿಯಿಂದ ತಂದಿದ್ದೆ. ಯಾರ ಮುಂದೆ ಆ ಒಳ್ಳೆಯ ಪ್ರಿಆಂಪಿನ ಮೈಕು ಇಡಬೇಕೆಂದು ತಿಳಿಯಲು ರುಕ್ಮಿಣಮ್ಮ ಒಂದು ಪದ ಹಾಡಿಸಿ, ಅವರ ಮಧ್ಯೆ ಕಿವಿಗೊಟ್ಟು ಓಡಾಡಿ, ನರಸಮ್ಮನ ಪಕ್ಕದಲ್ಲಿ ಮುದುಡಿ ಕೂತಿದ್ದ ಅಶ್ವತ್ಥಮ್ಮನ ಎದುರು ನಿಂತರು. ಆಕೆ ನರಸಮ್ಮನ ನಾದಿನಿ. ಮಾತು ಕಡಿಮೆ. "ಇಲ್ಲಿಡಿ" ಎಂದರು.

ಸಂಜೆ ಅವರೆಲ್ಲ ಬಸ್ಸು ಹತ್ತಿದ ಮೇಲೆ ಒಬ್ಬೊಬ್ಬರ ದನಿಯನ್ನೂ ಬೇರೆ ಮಾಡಿ ಕೇಳಿದೆವು. ಅಶ್ವತ್ಥಮ್ಮನ ಮೈಕಿನಲ್ಲಿ ಉಳಿದವರೆಲ್ಲ ದೂರದಲ್ಲಿ ಹಾಡುತ್ತಿದ್ದರು. ಹತ್ತಿರದಲ್ಲಿ, ಉಸಿರಿಗಿಂತ ಸ್ವಲ್ಪ ದೊಡ್ಡದಾಗಿ, ಪ್ರತಿ ಸಾಲಿನ ಮೊದಲ ಮಾತನ್ನು ಆಕೆ ಹೇಳಿಕೊಡುತ್ತಿದ್ದಳು. ಆಮೇಲೆ ನರಸಮ್ಮ ಅದನ್ನೆತ್ತಿಕೊಂಡು ಗಂಟಲು ತುಂಬ ಹಾಡುತ್ತಿದ್ದಳು.

ನನಗೆ ದೊಡ್ಡದೇನನ್ನೋ ಕಂಡುಹಿಡಿದಷ್ಟು ಸಂತೋಷ. ಇದನ್ನೇ ಮುಂದೆ ತಂದು ಡಿಸ್ಕ್ ಮಾಡೋಣ, ನಿಜವಾಗಿ ಪದ ಬರುವುದು ಯಾರಿಗೆಂದು ಊರಿಗೆ ಗೊತ್ತಾಗಲಿ ಎಂದೆ. ರುಕ್ಮಿಣಮ್ಮ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು.

"ನಮಗೆ ಕೇಳಿಸ್ತು ಅಂತ ನಮ್ಮದಾಗಲ್ಲ. ಹೋಗಿ ಆಕೇನ ಕೇಳಿ. ಒಬ್ಬರೇ ಇದ್ದಾಗ ಕೇಳಿ."

ನಗರಗೆರೆಗೆ ಹೋದೆ. ಅಶ್ವತ್ಥಮ್ಮ ಹಿತ್ತಲಿನಲ್ಲಿ ಹುರುಳಿ ಕೇರುತ್ತಿದ್ದಳು. ವಿಷಯ ಹೇಳುತ್ತಿದ್ದಂತೆ ಮೊರ ಕೆಳಗಿಟ್ಟಳು.

"ಬ್ಯಾಡ ಸ್ವಾಮಿ. ಅತ್ತಿಗೆಗೆ ಮರೆವು ಸುರುವಾಗಿ ಎರಡು ವರ್ಸ ಆಯ್ತು. ತಾನೇ ಹಾಡ್ತೀನಿ ಅಂತ ತಿಳ್ಕಂಡವ್ಳೆ. ಅದೊಂದು ಇದ್ರೆ ಬದುಕಿರ್ತಾಳೆ. ನಂದು ತೆಗೆದುಬಿಡಿ."

ತೆಗೆದೆ. ಅಂದರೆ ಅಳಿಸಲಿಲ್ಲ, ಸದ್ದನ್ನು ಇಳಿಸಿದೆ. ಡಿಸ್ಕಿನಲ್ಲಿ ನರಸಮ್ಮನ ದನಿಯೇ ಮುಂದಿತ್ತು. ಅದನ್ನು ಕೇಳಿ ಆಕೆ ಮಗುವಿನ ಹಾಗೆ ನಕ್ಕಳು. ಎರಡು ವರ್ಷದ ಮೇಲೆ ತೀರಿಕೊಂಡಳು.

ಆಮೇಲೆ ಒಮ್ಮೆ ಕಂಪ್ಯೂಟರನ್ನೇ ಆಟೋದಲ್ಲಿ ಇಟ್ಟುಕೊಂಡು ಹೋಗಿ ಅಶ್ವತ್ಥಮ್ಮನಿಗೆ ಅವಳ ದನಿಯನ್ನು ಕೇಳಿಸಿದೆ. ಸ್ವಲ್ಪ ಹೊತ್ತು ಕೇಳಿ ಗಾಬರಿಯಾದಳು. "ಅತ್ತಿಗೆ ಎಲ್ಲೋ ದೂರದಾಗವ್ಳಲ್ಲ! ಹತ್ರ ಕರೀರಿ. ಇಬ್ರೂ ಸಮ ಇರ್ಲಿ, ಇನ್ನು ಊರೋರೂ ಕೇಳ್ಲಿ" ಎಂದಳು.

ರುಕ್ಮಿಣಮ್ಮ ಅಷ್ಟು ಹೊತ್ತಿಗೆ ಮಂಡಿನೋವಿನಿಂದ ಹಿಂದೂಪುರದ ತಮ್ಮನ ಮನೆ ಸೇರಿದ್ದರು. ಹೋಗಿ ಇದನ್ನೆಲ್ಲ ಹೇಳಿದೆ. ಜೇಬಿನ ಸಣ್ಣ ಪ್ಲೇಯರಿನಲ್ಲಿ ಇಬ್ಬರ ದನಿಯನ್ನೂ ಸಮ ಮಾಡಿದ ಹಾಡಿತ್ತು, ಕೇಳಿ ಎಂದು ಮುಂದೆ ಹಿಡಿದೆ. ಅವರು ಕೈ ಅಡ್ಡ ಮಾಡಿದರು.

"ಆಕೆ ಊರಿಗೆ ಕೇಳಿಸ್ಲಿ ಅಂದಿದಾರೆ. ಡಿಸ್ಕ್ ಆಗ್ಲಿ, ಊರಿನ ಜೊತೆ ನಾನೂ ಕೇಳ್ತೀನಿ."

ಪರೀಕ್ಷೆಯ ಕೆಲಸ ಅಡ್ಡ ಬಂದು ಡಿಸ್ಕ್ ತಡವಾಯಿತು. ಕೊನೆಗೆ ಅದನ್ನು ಹಿಡಿದು ಹಿಂದೂಪುರಕ್ಕೆ ಹೋದಾಗ ಬಾಗಿಲಿಗೆ ಬಂದ ಅವರ ತಮ್ಮ, "ಅಕ್ಕ ಹೋಗಿ ಹದಿನೈದು ದಿನ ಆಯ್ತು" ಎಂದರು. ಡಿಸ್ಕನ್ನು ಅವರ ಕೈಗೆ ಕೊಟ್ಟು ಹೊರಡುವವನಿದ್ದೆ. ಅವರು ಒಳಗೆ ಕರೆದು, ಟಿವಿಯ ಕೆಳಗಿದ್ದ ಪ್ಲೇಯರಿಗೆ ಅದನ್ನು ಹಾಕಿ, ಅಡುಗೆಮನೆಯಲ್ಲಿದ್ದ ಹೆಂಡತಿಯನ್ನೂ ಕರೆದರು. ಮೂವರೂ ಚಾಪೆಯ ಮೇಲೆ ಕೂತೆವು. ಡಿಸ್ಕಿನಲ್ಲಿ ನರಸಮ್ಮ, ಅಶ್ವತ್ಥಮ್ಮ, ಅತ್ತಿಗೆ ನಾದಿನಿ ಇಬ್ಬರೂ ಸಮವಾಗಿ ಹಾಡಿದರು.