ಹೊಗೆ ಓಡಿಸೋಕೆ ಹೊಗೆ

ಬೆಳಗಿನ ಜಾವ ಕೆಟ್ಟ ಕನಸು ಕಣ್ರಪ್ಪಾ. ಮಡಿಲಲ್ಲಿದ್ದ ಕೂಸು ಸೀನಿದರೆ ಮೂಗಿಂದ ಮಸಿ! ಮೊನ್ನೆ ಸೀಮೆಎಣ್ಣೆ ಸ್ಟೌ ಭಗ್ಗಂತ ಹತ್ತಿಕೊಂಡು, ಚಿನ್ನದ ಗಣಿ ಪಕ್ಕದ ಆಂಡರ್ಸನ್‌ಪೇಟೆಯ ನಮ್ಮ ಮನೆ ಉಳಿದರೂ ಗೋಡೆಯೆಲ್ಲ ಕಪ್ಪಾಗಿದೆ. ನಾಳೆ ಮಗಳು ಹಸುಗೂಸು ಎತ್ತಿಕೊಂಡು ಆಸ್ಪತ್ರೆಯಿಂದ ಇಲ್ಲಿಗೇ ಬರ್ತಾಳೆ.

ಇವತ್ತು ನಾನು ಒಣಬಟ್ಟೆಯಲ್ಲಿ ಮಸಿ ಒರೆಸ್ತಾ ಇದ್ದರೆ, ಅತ್ತೆ ಕೆಂಡದ ಮೇಲೆ ಸಾಂಬ್ರಾಣಿ ಸುರಿದುಕೊಂಡು ಬಂದರು.

"ಇದೇನತ್ತೆ?"

"ಸುಟ್ಟ ವಾಸ್ನೆ ಓಗ್ಬೇಕಲ್ವೇನಮ್ಮಿ? ಬಾಣಂತಿ ಬರೋ ಮನೆಗೆ ಸಾಂಬ್ರಾಣಿ ಆಕ್ದೆ ಇರ್ತಾರಾ?"

"ವಾಸ್ನೆ ಇರೋದೇ ಮಸಿಯಲ್ಲಿ. ಅದನ್ನ ತೆಗೀದೆ ಹೊಗೆ ಹಾಕಿದರೆ ಮಸಿ ಮೇಲೆ ಮಸಿ ಕೂರ್ತದೆ."

"ಮೂರನೇ ಕ್ಲಾಸಿಗೇ ಇಸ್ಕೂಲು ಬಿಟ್ಟೋಳು ನಂಗೇಳ್ತೀಯೇನೇ!"

"ಹಂಗಾದರೆ ನಿಮ್ಮ ಸೆರಗನ್ನ ಒಂದ್ಸಲ ಗೋಡೆಗೆ ತಾಗಿಸಿ ನೋಡಿ, ಅತ್ತೆ."

ಅತ್ತೆ ಗೋಡೆ ನೋಡಿದರು, ಸೆರಗು ನೋಡಿದರು, ಕೆಂಡ ಅಂಗಳಕ್ಕೆ ಒಯ್ದರು. ಆಮೇಲೆ ತಾವೇ ನೀರಿಗೆ ಸೀಗೆಪುಡಿ ಕಲಸಿ ಕೊಟ್ಟರು. ಆ ನೀರಿಗೆ ಎಣ್ಣೆ ಮಸಿಯೂ ಬಿಟ್ಟಿತು. ಈಗ ಗೋಡೆಗೆ ಮೂಗಿಟ್ಟರೂ ವಾಸನೆ ಇಲ್ಲ. ಬೆಳಿಗ್ಗೆ ಸುಣ್ಣ ಬಳಿದರೆ ಮುಗೀತು. ಅಂಗಳದ ಸೊಳ್ಳೆಗಳು ಮಾತ್ರ ಅತ್ತೆಯ ಸಾಂಬ್ರಾಣಿಗೆ ಊರು ಬಿಟ್ಟಿವೆ.

ಆದರೂ, ಗಣಿ ಪಾಳಿ ಮುಗಿಸಿ ಈ ಕಡೆ ಬರೋ ಎತ್ತರದ ಅಣ್ಣಂದಿರು ಯಾರಾದರೂ ತೊಟ್ಟಿಲು ಕಟ್ಟೋ ತೊಲೆಯ ಮೇಲ್ಭಾಗವನ್ನ ಬಿಳಿ ಬಟ್ಟೆಯಲ್ಲಿ ಒಂದ್ಸಲ ಒರೆಸಿ ನೋಡ್ರಪ್ಪಾ. ನನ್ನ ಕೈಗೆ ಅದೊಂದು ಎಟುಕಲ್ಲ.